ಏಳೋ, ಹದಿನೇಳೋ

ಬ್ಯಾಟರಿ ಅಂಗಡಿಯಲ್ಲಿ ಅವಳಿಗೆ ತಾರೀಕಕ್ಕ ಎಂದು ಹೆಸರು ಬಿದ್ದು ಏಳೆಂಟು ವರ್ಷವಾಗಿತ್ತು. ಹೆಸರಿಟ್ಟವನು ಅಂಗಡಿಯ ಯಜಮಾನನೇ. ಸತ್ತ ಲ್ಯಾಪ್‌ಟಾಪು, ಕೈಕೊಟ್ಟ ಡ್ರಿಲ್ಲು, ಅರ್ಧ ದಾರಿಯಲ್ಲಿ ನಿಂತುಹೋದ ಕರೆಂಟು ಸೈಕಲ್ಲು, ಇವುಗಳ ಬ್ಯಾಟರಿಗಳು ಚೀಲಗಟ್ಟಲೆ ಅಲ್ಲಿಗೆ ಬರುತ್ತಿದ್ದವು. ಒಂದೊಂದನ್ನೂ ಬಿಚ್ಚಿ, ಒಳಗಿನ ಬೆರಳುದ್ದದ ಲಿಥಿಯಂ ಸೆಲ್ಲುಗಳನ್ನು ಬಿಡಿಸಿ, ಜೀವ ಇದ್ದವನ್ನು ಒಂದು ಕಡೆ, ಇಲ್ಲದವನ್ನು ಇನ್ನೊಂದು ಕಡೆ ಹಾಕುವುದು ಅವಳ ಕೆಲಸ. ಬೇರೆಯವರಾಗಿದ್ದರೆ ಮೀಟರು ಹಚ್ಚಿ, ಅಂಕಿ ತೋರಿಸಿದರೆ ಸಾಕು ಎಂದು ಮುಂದೆ ಹೋಗುತ್ತಿದ್ದರು. ಅವಳು ಹಾಗಲ್ಲ. ಭೂತಗನ್ನಡಿ ಹಿಡಿದು, ಸೆಲ್ಲಿನ ಮೈಮೇಲೆ ಇರುವೆ ಸಾಲಿನಂತೆ ಹೋಗಿರುವ ಅಕ್ಷರ, ಅಂಕಿಗಳನ್ನು ಓದಿ, ಅದು ಯಾವ ವರ್ಷ, ಯಾವ ವಾರ ತಯಾರಾಯಿತು ಎಂದು ಒಂದು ಚೂರು ಟೇಪಿನ ಮೇಲೆ ಬರೆದು ಅಂಟಿಸುವ ತನಕ ಅದನ್ನು ಕೆಳಗಿಡುತ್ತಿರಲಿಲ್ಲ.

“ಪೊಲೀಸಿನವರೂ ಇಷ್ಟು ಬಾಯಿ ಬಿಡಿಸಲ್ಲ ಕಣಕ್ಕ,” ಎಂದು ಯಜಮಾನ ನಗುತ್ತಿದ್ದ.

ಬಾಯಿ ಬಿಡಿಸುವ ಕೆಲಸವೇ ಅದು. ಯಾವ ಸೆಲ್ಲಿನ ಮೇಲೂ ತಾರೀಕು ನೆಟ್ಟಗೆ ಬರೆದಿರುವುದಿಲ್ಲ. ಒಂದು ಕಂಪನಿ ಇಸವಿಗೆ ಅಕ್ಷರ ಕೊಡುತ್ತದೆ, ಇನ್ನೊಂದು ತಿಂಗಳಿಗೆ ಅಕ್ಷರ ಕೊಡುತ್ತದೆ, ಮತ್ತೊಂದು ಬರೀ ಅಂಕಿಗಳಲ್ಲೇ ಮುಗಿಸುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ತಾರೀಕು ಗೊತ್ತಿದ್ದ ಹೊಸ ಸಾಮಾನುಗಳನ್ನು ಬಿಚ್ಚಿ, ಹೋಲಿಸಿ, ತಪ್ಪಿ, ತಿದ್ದಿ, ಒಂದು ದಪ್ಪ ನೋಟ್ ಪುಸ್ತಕದ ತುಂಬ ಅವಳು ತಾನೇ ಬರೆದುಕೊಂಡಿದ್ದಳು.

ಈ ಹುಚ್ಚು ಅವಳಿಗೆ ಸುಮ್ಮನೆ ಹತ್ತಿದ್ದಲ್ಲ.

ಒಂಬತ್ತು ವರ್ಷದ ಹಿಂದೆ ಅವಳ ಅಪ್ಪ ಆಕ್ಸಿಜನ್ ಮಷೀನಿನ ಆಸರೆಯಲ್ಲಿ ಬದುಕಿದ್ದರು. ನಲ್ಲಿ, ಕೊಳವೆ ರಿಪೇರಿ ಮಾಡಿ ಸಂಸಾರ ಸಾಕಿದ ಮನುಷ್ಯ. ಕೊನೆಗೆ ಮಂಚದಿಂದ ಬಾಗಿಲ ತನಕ ನಡೆಯುವುದಕ್ಕೂ ಉಸಿರಿರಲಿಲ್ಲ. ಕರೆಂಟು ಹೋದರೆ ಮಷೀನು ನಿಲ್ಲಬಾರದೆಂದು ಅವಳ ತಮ್ಮ ಪೇಟೆಗೆ ಹೋಗಿ ಒಂದು ಬ್ಯಾಟರಿ ತಂದ. ಫಳಫಳ ಹೊಳೆಯುವ ನೀಲಿ ಸೆಲ್ಲುಗಳು, ಹೊಚ್ಚ ಹೊಸದು, ನಾಲ್ಕು ಗಂಟೆಗೆ ಮೋಸವಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮನೆಯಲ್ಲಿದ್ದವನು ತಮ್ಮ ಒಬ್ಬನೇ. ಬ್ಯಾಟರಿ ಹನ್ನೊಂದು ನಿಮಿಷ ನಡೆಯಿತು.

ಸುದ್ದಿ ತಿಳಿದು ಓಡಿಬಂದ ಅವಳು ನೆಂಟರು, ನೆರೆಯವರು ಎಲ್ಲರೂ ನಿಂತಿರುವಾಗಲೇ ಅವನ ಮುಖಕ್ಕೆ ಹೇಳಿದಳು: “ನೀನು ಕಣ್ಣು ಮುಚ್ಕೊಂಡು ತಂದೆ ಕಣೋ. ಅಪ್ಪ ಕಣ್ಣು ಮುಚ್ಚಿದ್ರು.”

ಅವನು ಎರಡು ವಾರ ಮನೆಯಲ್ಲಿ ಇದ್ದೂ ಇಲ್ಲದವನ ಹಾಗೆ ಇದ್ದ. ಆಮೇಲೆ ಒಂದು ಬೆಳಿಗ್ಗೆ, ಎರಡು ಜೊತೆ ಬಟ್ಟೆ ಮತ್ತು ಅಪ್ಪನ ಟಾರ್ಚು ತೆಗೆದುಕೊಂಡು, ಅಮ್ಮನಿಗೆ “ಬರ್ತೀನಿ” ಎಂದು ಹೇಳಿ ಹೋದವನು ಬರಲಿಲ್ಲ. ಆಗ ಅವನಿಗೆ ಇಪ್ಪತ್ತೊಂಬತ್ತು. ಠಾಣೆಯಲ್ಲಿ ದೂರು, ಆಸ್ಪತ್ರೆಗಳಲ್ಲಿ ವಿಚಾರಣೆ, ಗೋಡೆಗಳ ಮೇಲೆ ಫೋಟೋ, ಎಲ್ಲ ಆಯಿತು.

ಅವನು ಹೋದ ಒಂದು ವರ್ಷದ ಮೇಲೆ, ಮೂಲೆಯಲ್ಲಿ ಬಿದ್ದಿದ್ದ ಆ ಬ್ಯಾಟರಿಯನ್ನು ಅವಳು ಅಡಿಗೆಮನೆಯ ಚಾಕುವಿನಿಂದ ಸೀಳಿ ನೋಡಿದಳು. ಸೆಲ್ಲುಗಳ ನೀಲಿ ಕವಚದ ಅಡಿಯಲ್ಲಿ ಇನ್ನೊಂದು ಕವಚ, ಹರಿದದ್ದು, ಕಂದು ಬಣ್ಣದ್ದು. ರಿಪೇರಿಯವನೊಬ್ಬ ಅದನ್ನು ಓದಿ ಹೇಳಿದ: ಈ ಸೆಲ್ಲುಗಳಿಗೆ ಎಂಟು ವರ್ಷ ವಯಸ್ಸು. ಮುದುಕರಿಗೆ ಮದುಮಗನ ಅಂಗಿ ತೊಡಿಸಿ ಮಾರಿದ್ದರು. ಯಾರು ಹೋಗಿದ್ದರೂ ಮೋಸ ಹೋಗುತ್ತಿದ್ದರು. ಅವಳೇ ಹೋಗಿದ್ದರೂ ಅಷ್ಟೇ. ಅದನ್ನು ಹೇಳೋಣವೆಂದರೆ ಕೇಳಬೇಕಾದವನು ಇರಲಿಲ್ಲ. ಹೀಗೆ ಅವಳು ಈ ಕೆಲಸಕ್ಕೆ ಬಂದಳು.

ಏಳು ವರ್ಷ ತುಂಬಿದ ಮೇಲೆ ಕಾನೂನು ತಮ್ಮನನ್ನು ಸತ್ತವನೆಂದು ಒಪ್ಪಿಕೊಂಡು ಒಂದು ಕಾಗದ ಕೊಟ್ಟಿತು. ಅವಳು ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದಳು. ಸತ್ತವನ ಹತ್ತಿರ ತಪ್ಪಾಯಿತೆಂದು ಎಷ್ಟು ಸಲ ಬೇಕಾದರೂ ಹೇಳಬಹುದು. ಅವನು ಮುಖ ತಿರುಗಿಸುವುದಿಲ್ಲ.

ಆ ಬುಧವಾರ ಬೆಳಿಗ್ಗೆ ಗುಜರಿಯವನು ಒಂದು ಬುಟ್ಟಿ ತಂದು ಅವಳ ಮೇಜಿನ ಮೇಲೆ ಸುರಿದ. “ಐಸ್ ಫ್ಯಾಕ್ಟರಿ ಕೆಡವ್ತಾ ಇದ್ದಾರಲ್ಲ, ಅಲ್ಲಿನ ಮಾಲು. ಬೇಕಾದ್ದು ಆರಿಸ್ಕೊ ಅಕ್ಕ.”

ಹಳೆಯ ಐಸ್ ಫ್ಯಾಕ್ಟರಿ ಅವಳ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಮುಚ್ಚಿ ಹದಿನೈದು ವರ್ಷವಾಗಿತ್ತು. ಬುಟ್ಟಿಯಲ್ಲಿ ತುಕ್ಕು ಹಿಡಿದ ಸ್ವಿಚ್ಚು, ತಂತಿ, ಒಡೆದ ಮೀಟರು, ಅವುಗಳ ನಡುವೆ ಒಂದು ಅಲ್ಯೂಮಿನಿಯಂ ಟಾರ್ಚು. ಅವಳು ಕೈಗೆತ್ತಿಕೊಂಡು ತಿರುಗಿಸಿದಳು. ಹಿಂಬದಿಗೆ ಟಾರ್ಚಿನ ಮುಚ್ಚಳ ಇರಲಿಲ್ಲ. ಅದರ ಜಾಗದಲ್ಲಿ ಕೊಳವೆಯ ಬಾಯಿಗೆ ಹಾಕುವ ಹಿತ್ತಾಳೆಯ ಬಿರಡೆ ಇತ್ತು, ಅರದಿಂದ ಉಜ್ಜಿ ಅಳತೆಗೆ ಕೂಡಿಸಿದ್ದು. ಮುಚ್ಚಳ ಕಳೆದುಹೋದಾಗ ಅಪ್ಪ ಒಂದು ಭಾನುವಾರ ಪೂರ್ತಿ ಅದರ ಹಿಂದೆ ಬಿದ್ದು, ಕೂಡಿಸಿ, “ಇನ್ನು ಟಾರ್ಚು ಹೋದ್ರೂ ಬಿರಡೆ ಹೋಗಲ್ಲ,” ಎಂದಿದ್ದರು. ಲೋಕದಲ್ಲಿ ಇಂಥ ಟಾರ್ಚು ಇನ್ನೊಂದು ಇರಲಾರದು.

ಅವಳು ಟಾರ್ಚನ್ನು ಮಡಿಲಿಗೆ ಇಳಿಸಿಕೊಂಡಳು. “ಇದು ಎಲ್ಲಿತ್ತು?”

“ಮೇಲಿನ ರೂಮಲ್ಲಂತೆ. ಯಾಕಕ್ಕ?”

“ಏನಿಲ್ಲ. ಇದು ನನಗಿರಲಿ.”

ಬಿರಡೆ ಸಲೀಸಾಗಿ ತಿರುಗಿತು. ಒಳಗಿಂದ ಒಂದೇ ಸೆಲ್ಲು ಅಂಗೈಗೆ ಜಾರಿತು. ಅಭ್ಯಾಸಬಲದಿಂದ ಮೊದಲು ಮೀಟರು ಹಚ್ಚಿದಳು. ಮೂರು ಪಾಯಿಂಟ್ ಒಂಬತ್ತು ನಾಲ್ಕು ವೋಲ್ಟ್. ಅದನ್ನು ಟೇಪಿನ ಮೇಲೆ ಬರೆದಳು, ಅದರ ಅರ್ಥ ಮಾತ್ರ ಆಗ ತಲೆಗೆ ಹೋಗಲಿಲ್ಲ. ಅವಳ ಕಣ್ಣು ಸಂಕೇತದ ಸಾಲಿನ ಮೇಲಿತ್ತು: 7234. ಈ ಕಂಪನಿಯದು ಬರೀ ಅಂಕಿಗಳ ಲೆಕ್ಕ. ಮೊದಲನೆಯದು ಇಸವಿಯ ಕೊನೆಯ ಅಂಕಿ, ನಡುವಿನ ಎರಡು ವರ್ಷದ ಎಷ್ಟನೇ ವಾರ ಎಂಬುದು, ಕೊನೆಯದು ವಾರದ ದಿನ. ಇಪ್ಪತ್ಮೂರನೇ ವಾರದ ನಾಲ್ಕನೇ ದಿನ, ಅಂದರೆ ಜೂನ್ ತಿಂಗಳ ಒಂದು ಗುರುವಾರ. ಅದರಲ್ಲಿ ಅನುಮಾನವಿಲ್ಲ. ಆದರೆ ಏಳು ಅಂದರೆ ಯಾವ ಏಳು? ಎರಡು ಸಾವಿರದ ಏಳೋ, ಹದಿನೇಳೋ?

ಅಪ್ಪ ಟಾರ್ಚು ಕೊಂಡದ್ದು ಎಂಟರಲ್ಲಿ. ಸೆಲ್ಲು ಏಳರದ್ದಾದರೆ ಅದು ಅಂಗಡಿಯಿಂದ ಟಾರ್ಚಿನ ಜೊತೆಗೇ ಬಂದದ್ದು; ತಮ್ಮ ಅದನ್ನು ಅಲ್ಲಿ ಬಿಟ್ಟು ಎಲ್ಲಿಗೋ ಹೋಗಿ ಸತ್ತ, ಕಥೆ ಮುಗಿಯಿತು. ಹದಿನೇಳರದ್ದಾದರೆ? ತಮ್ಮ ಮನೆ ಬಿಟ್ಟದ್ದು ಹದಿಮೂರರಲ್ಲಿ.

ಕವಚದ ಮೇಲೆ ಮಾದರಿಯ ಸಂಖ್ಯೆಯೂ ಇತ್ತು. ಮೂರು ಸಾವಿರದ ಐನೂರು ಮಿಲಿ ಆಂಪಿಯರ್ ಅವರ್ ಕರೆಂಟು ತುಂಬಿಕೊಳ್ಳುವ ಸೆಲ್ಲು. ಏಳನೇ ಇಸವಿಯಲ್ಲಿ ಇಷ್ಟು ಗಾತ್ರದ ಸೆಲ್ಲಿನಲ್ಲಿ ಎರಡು ಸಾವಿರದ ಆರುನೂರು ತುಂಬಿದರೆ ಅದೇ ಹೆಚ್ಚು. ಹಾಗಾದರೆ ಹದಿನೇಳೇ. ಆದರೆ ಕವಚದ ಮಾತು ನಂಬಿದರೆ ಏನಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಬ್ಲೇಡಿನ ಮೂಲೆಯಿಂದ ಕವಚಕ್ಕೆ ಗೀರು ಹಾಕಿ, ಈರುಳ್ಳಿ ಸಿಪ್ಪೆಯಂತೆ ಮೆಲ್ಲಗೆ ಬಿಡಿಸಿದಳು. ಅಡಿಯಲ್ಲಿ ಇನ್ನೊಂದು ಕವಚ ಇರಲಿಲ್ಲ. ಬರಿ ಉಕ್ಕಿನ ಮೈಮೇಲೆ ಸಣ್ಣಗೆ ಸುಟ್ಟು ಬರೆದಿತ್ತು, ಅದೇ 7234. ತೂಗಿದಳು, ನಲವತ್ತೆಂಟು ಗ್ರಾಂ. ಹಳೆಯ ಕಾಲದವು ಇಷ್ಟು ತೂಗುತ್ತಿರಲಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಿ ಅಳೆಯುವ ಯಂತ್ರಕ್ಕೆ ಸೆಲ್ಲನ್ನು ಹಾಕಿ, ಎದುರಿಗೆ ಕೂತಳು. ಯಜಮಾನ ಊಟಕ್ಕೆ ಕರೆದ, ಹೋಗಲಿಲ್ಲ. ಸಂಜೆಯ ಹೊತ್ತಿಗೆ ಅಂಕಿ ಎರಡು ಸಾವಿರದ ಆರುನೂರಕ್ಕೆ ಬಂದಾಗ ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಅಲ್ಲೇ ನಿಂತುಬಿಡಲಿ ಎಂದು ಅವಳೊಳಗೆ ಯಾರೋ ಬೇಡಿಕೊಂಡರು. ಅಂಕಿ ನಿಲ್ಲಲಿಲ್ಲ. ಆರುನೂರೈವತ್ತು. ಏಳುನೂರು. ಎರಡು ಸಾವಿರದ ಎಂಟುನೂರ ಮೂವತ್ತಕ್ಕೆ ಹೋಗಿ ದೀಪ ಕೆಂಪಾಯಿತು.

ಹದಿನೇಳು. ಜೂನ್ ಎಂಟು, ಗುರುವಾರ. ತಾನು ದಿನಾ ಸತ್ತವನ ಹತ್ತಿರ ತಪ್ಪಾಯಿತೆನ್ನುತ್ತಿದ್ದ ಆ ವರ್ಷ, ಎಲ್ಲೋ ಒಂದು ಕಾರ್ಖಾನೆಯಲ್ಲಿ ಈ ಸೆಲ್ಲು ಹುಟ್ಟಿತ್ತು. ಅದು ಹುಟ್ಟಿದ ಮೇಲೆ ಯಾರೋ ಕೊಂಡು, ಅಪ್ಪನ ಬಿರಡೆ ಬಿಚ್ಚಿ, ಒಳಗೆ ಹಾಕಿದ್ದರು.

ಮನೆಗೆ ಬಂದಾಗ ಅಮ್ಮ ತರಕಾರಿ ಹೆಚ್ಚುತ್ತಿದ್ದಳು. ಟಾರ್ಚನ್ನು ಅವಳ ಮುಂದಿಟ್ಟು, ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಹೇಳಿದಳು. ಅಮ್ಮ ಒಮ್ಮೆ ಬಿರಡೆಯನ್ನು ಸವರಿದಳು. ಅಳುತ್ತಾಳೆ ಎಂದುಕೊಂಡರೆ ಅಳಲಿಲ್ಲ.

“ಅಂದ್ರೆ ನಾಲ್ಕು ವರ್ಷ ಇದ್ದ.”

“ಕಮ್ಮಿ ಅಂದ್ರೆ ನಾಲ್ಕು ವರ್ಷ ಅಮ್ಮ. ಅಲ್ಲಿಂದಾಚೆಗೆ ಗೊತ್ತಿಲ್ಲ. ಟಾರ್ಚು ಬೇರೆಯವರ ಕೈಗೆ ಹೋಗಿರಲೂಬಹುದು.”

“ನಾಲ್ಕು ವರ್ಷ ಊಟ ಎಲ್ಲಿ ಮಾಡಿದ್ನೇ?” ಎಂದಳು ಅಮ್ಮ.

ಮರುದಿನ ಇಬ್ಬರೂ ಐಸ್ ಫ್ಯಾಕ್ಟರಿಗೆ ಹೋದರು. ಕೆಡವುವ ಕೆಲಸದ ಮೇಸ್ತ್ರಿ ಒಳ್ಳೆಯ ಮನುಷ್ಯ. “ಮೆಟ್ಟಿಲು ಗಟ್ಟಿ ಇದೆ, ಗೋಡೆ ಮುಟ್ಟಬೇಡಿ,” ಎಂದು ತಾನೇ ಮುಂದಾಗಿ ಕರೆದುಕೊಂಡು ಹೋದ. ಅಮ್ಮ ಪ್ರತಿ ಮೆಟ್ಟಿಲಿಗೂ ನಿಂತು, ಮೊಣಕಾಲು ಹಿಡಿದುಕೊಂಡು, ಹತ್ತಿದಳು.

ಮೇಲೆ ಒಂದೇ ಕೋಣೆ. ಹಿಂದೆ ಗುಮಾಸ್ತ ಕೂರುತ್ತಿದ್ದ ಜಾಗವಿರಬೇಕು. ಚಾಪೆ ಇಲ್ಲ, ಒಲೆ ಇಲ್ಲ, ಬಟ್ಟೆ ನೇತುಹಾಕುವ ಮೊಳೆಯೂ ಇಲ್ಲ. ನೆಲದ ತುಂಬ ಬೆರಳು ದಪ್ಪ ಧೂಳು. ಕಿಟಕಿಯ ಮುಂದೆ ಬೋರಲು ಹಾಕಿದ ಒಂದು ಮರದ ಪೆಟ್ಟಿಗೆ.

“ಟಾರ್ಚು ಆ ಪೆಟ್ಟಿಗೆ ಪಕ್ಕದಲ್ಲೇ ಇತ್ತು,” ಎಂದ ಮೇಸ್ತ್ರಿ. “ಯಾರೂ ವಾಸ ಇದ್ದ ಹಾಗೆ ಕಾಣಲ್ಲ ತಾಯಿ. ಬಂದು, ಕೂತು, ಹೋಗೋ ಜಾಗ ಅಷ್ಟೆ.”

ಅವಳು ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಎದುರಿಗೆ ಅವಳ ಮನೆಯ ಹಿತ್ತಲು. ಬಟ್ಟೆ ಒಣಹಾಕುವ ತಂತಿ, ಅದರ ಮೇಲೆ ಬೆಳಿಗ್ಗೆ ತಾನೇ ಹರವಿದ ಹಾಸಿಗೆ ಬಟ್ಟೆ. ಅಡಿಗೆಮನೆಯ ಕಿಟಕಿ, ಅದರೊಳಗೆ ಒಲೆ, ಕೊಡ, ಗೋಡೆಯ ಮೇಲೆ ಸೌಟುಗಳ ಸಾಲು, ಎಲ್ಲ ಎಣಿಸುವಷ್ಟು ಸ್ಪಷ್ಟ. ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು. ಧೂಳು ನೆಲದ ಮೇಲಿದ್ದಷ್ಟು ಇರಲಿಲ್ಲ. ತೆಳ್ಳಗೆ, ಹಿಟ್ಟು ಚಿಮುಕಿಸಿದಷ್ಟು.

ಅಮ್ಮ ಪೆಟ್ಟಿಗೆಯ ಮೇಲೆ ಕೂತಳು. ಬಹಳ ಹೊತ್ತು ತನ್ನ ಅಡಿಗೆಮನೆಯನ್ನು ತಾನೇ ನೋಡುತ್ತ ಕೂತಳು.

“ಈ ಕಿಟಕೀಲಿ ಒಂದೊಂದು ಸಲ ಬೆಳಕು ಕಾಣ್ತಿತ್ತು ಕಣೇ,” ಎಂದಳು ಕೊನೆಗೆ. “ಕಾವಲಿನವನು ಅಂದ್ಕೊಂಡಿದ್ದೆ.”

“ಇಲ್ಲಿಗೆ ಕಾವಲು ಯಾವತ್ತೂ ಇರಲಿಲ್ಲ ತಾಯಿ,” ಎಂದ ಮೇಸ್ತ್ರಿ.

ಅವಳಿಗೆ ಆಗಲೇ ನೆನಪಾದದ್ದು ಟೇಪಿನ ಮೇಲೆ ಬರೆದ ಮೊದಲ ಅಂಕಿ. ಮೂರು ಪಾಯಿಂಟ್ ಒಂಬತ್ತು ನಾಲ್ಕು. ಪೂರ್ತಿ ತುಂಬಿದಾಗಲೂ ಇಂಥ ಸೆಲ್ಲು ನಾಲ್ಕು ಪಾಯಿಂಟ್ ಎರಡು ದಾಟುವುದಿಲ್ಲ. ಇಷ್ಟು ಸವೆದದ್ದು, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೆ, ಅಷ್ಟು ವೋಲ್ಟು ಹಿಡಿದುಕೊಂಡಿರಲು ಸಾಧ್ಯವೇ?

ಊಹೆಯ ಮೇಲೆ ಬಿಡುವುದು ಅವಳ ಜಾಯಮಾನವಲ್ಲ. ಸೆಲ್ಲನ್ನು ಮತ್ತೆ ಪೂರ್ತಿ ತುಂಬಿಸಿ, ಅಂಗಡಿಯ ಕಪಾಟಿನಲ್ಲಿ ಒಂಟಿಯಾಗಿ ಇಟ್ಟಳು. ದಿನಾ ಬೆಳಿಗ್ಗೆ ಮೀಟರು ಹಚ್ಚಿ, ಎಷ್ಟು ಸೋರಿತು ಎಂದು ಬರೆದುಕೊಂಡಳು. ಮನೆಗೆ ಬಂದ ತಕ್ಷಣ ಅಮ್ಮನ ಮೊದಲ ಪ್ರಶ್ನೆ, ಜ್ವರದ ಮಗುವಿನ ಮೈಕಾವು ಕೇಳಿದ ಹಾಗೆ: “ಇವತ್ತು ಎಷ್ಟಿತ್ತು?”

“ನಾಲ್ಕು ಪಾಯಿಂಟ್ ಒಂದು ನಾಲ್ಕು.”

“ಇಳೀತಾ ಇದೆಯಾ?”

“ಇಳೀತಾ ಇದೆ.”

ಆ ತಿಂಗಳಲ್ಲೇ ಒಂದು ದಿನ ಅಮ್ಮ ಹಟ ಹಿಡಿದು, ಮಗ ಸತ್ತನೆಂಬ ಕಾಗದವನ್ನು ರದ್ದು ಮಾಡಿಸಬೇಕೆಂದು ಕಚೇರಿಗೆ ಕರೆದುಕೊಂಡು ಹೋದಳು. ಗುಮಾಸ್ತ ಎಲ್ಲ ಕೇಳಿಸಿಕೊಂಡ. ಸೆಲ್ಲಿನ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಅಮ್ಮ, ಬದುಕಿದ್ದೀನಿ ಅಂತ ಹೇಳೋಕೆ ಅವರೇ ಖುದ್ದಾಗಿ ಬರಬೇಕು.”

“ಅವನು ಬರೋ ಹಾಗಿದ್ದಿದ್ರೆ ನಾನ್ಯಾಕಪ್ಪ ನಿನ್ನ ಹತ್ರ ಬರ್ತಿದ್ದೆ?” ಎಂದಳು ಅಮ್ಮ. ಸಾಲಿನಲ್ಲಿ ನಿಂತಿದ್ದವರು ನಕ್ಕರು. ಗುಮಾಸ್ತನೂ ನಕ್ಕು, ಆಮೇಲೆ ನಗಬಾರದಿತ್ತು ಎನ್ನಿಸಿ, ಕಾಗದವನ್ನು ಎರಡೂ ಕೈಯಿಂದ ಹಿಂತಿರುಗಿಸಿದ.

ಐದನೇ ವಾರಕ್ಕೆ ಲೆಕ್ಕ ಮುಗಿಯಿತು. ಪೂರ್ತಿ ತುಂಬಿದ ಆ ಸೆಲ್ಲು ಸೋರಿ ಸೋರಿ ಮೂರು ಪಾಯಿಂಟ್ ಒಂಬತ್ತು ನಾಲ್ಕಕ್ಕೆ ಇಳಿಯಲು ಮೂವತ್ನಾಲ್ಕು ದಿನ ಹಿಡಿದಿತ್ತು. ಟಾರ್ಚು ಅವಳ ಕೈಗೆ ಬರುವುದಕ್ಕೆ ಹೆಚ್ಚೆಂದರೆ ಐದು ವಾರ ಮೊದಲು ಯಾರೋ ಅದನ್ನು ಚಾರ್ಜು ಮಾಡಿದ್ದರು. ಫ್ಯಾಕ್ಟರಿಯ ಗೇಟಿಗೆ ಕೆಡವುವ ನೋಟಿಸು ಅಂಟಿಸಿದ್ದೂ ಅದೇ ಹೊತ್ತಿಗೆ.

ಅವಳು ಅಂದಿನಿಂದ ಅಡಿಗೆಮನೆಯಲ್ಲಿ ಒಬ್ಬಳೇ ಇರಲಾರದೆ ಹೋದಳು. ಕಿಟಕಿಯತ್ತ ಬೆನ್ನು ಮಾಡಿದರೆ ಬೆನ್ನು ಉರಿಯುತ್ತಿತ್ತು. ಮುಖ ಮಾಡಿದರೆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಈ ಒಂಬತ್ತು ವರ್ಷದಲ್ಲಿ ಆ ಕಿಟಕಿಯ ಮುಂದೆ ತಾನು ಎಷ್ಟು ಸಲ ಅತ್ತಿದ್ದೆ, ಎಷ್ಟು ಸಲ ಅಮ್ಮನ ಮೇಲೆ ರೇಗಿದ್ದೆ, ಎಷ್ಟು ಸಲ ಯಾವುದೋ ಹಾಡು ಗುನುಗುತ್ತ ಪಾತ್ರೆ ತೊಳೆದಿದ್ದೆ ಎಂದು ಒಂದೊಂದೇ ನೆನಪಾಗುತ್ತಿತ್ತು. ಹಾಡು ನೆನಪಾದಾಗಲೇ ಹೆಚ್ಚು ನಾಚಿಕೆಯಾಗುತ್ತಿತ್ತು. ಅಷ್ಟು ಹೊತ್ತಿಗೆ ಎದುರಿನ ಕೋಣೆ ನೆಲಕ್ಕೆ ಬಿದ್ದು, ಅದಿದ್ದ ಜಾಗದಲ್ಲಿ ಬರಿ ಆಕಾಶವಿತ್ತು. ಆದರೂ ಅವಳು ಪರದೆ ಹಾಕಿದಳು. ಅಮ್ಮ ತೆಗೆದಳು. ಅವಳು ಮತ್ತೆ ಹಾಕಿದಳು. ಅಮ್ಮ ಪರದೆಯನ್ನೇ ಒಗೆಯಲು ಹಾಕಿ, ಆಮೇಲೆ ಎಲ್ಲಿಟ್ಟೆನೋ ಗೊತ್ತಿಲ್ಲ ಎಂದಳು.

ಒಂದು ಮಧ್ಯಾಹ್ನ ಮೇಸ್ತ್ರಿಯೇ ಬ್ಯಾಟರಿ ಅಂಗಡಿಗೆ ಬಂದ. ಅವನ ಡ್ರಿಲ್ಲು ಕೈಕೊಟ್ಟಿತ್ತು. ಅವಳು ಬಿಚ್ಚುತ್ತಿರುವಾಗ ಮಾತಿಗೆ ಮಾತು ಸೇರಿಸಿ ಹೇಳಿದ: “ಆ ಟಾರ್ಚು ವಿಚಾರ ಕೇಳ್ಕೊಂಡು ಒಬ್ರು ಬಂದಿದ್ರು ಅಕ್ಕ.”

ಅವಳ ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಂತಿತು. “ಯಾವಾಗ?”

“ಸೋಮವಾರ. ಮೇಲಿನ ರೂಮಲ್ಲಿ ಏನಾದ್ರೂ ಸಿಕ್ತಾ ಅಂದ್ರು. ಟಾರ್ಚು ಸಿಕ್ತು, ತಾರೀಕಕ್ಕನ ಹತ್ರ ಇದೆ ಅಂದೆ. ತಾರೀಕಕ್ಕ ಅಂದ್ರೆ ಯಾರು, ಅದೆಂಥ ಹೆಸರು ಅಂತ ಕೇಳಿದ್ರು. ಇಲ್ಲೇ ಹಿಂದಿನ ಮನೆಯವರು, ಬ್ಯಾಟರಿ ಅಂಗಡೀಲಿ ಕೆಲಸ. ಹಳೆ ಸೆಲ್ಲಿಗೆ ಹೊಸ ಕವಚ ಹಾಕಿ ಮೋಸ ಮಾಡ್ತಾರಲ್ಲ, ಅದನ್ನ ಸುಲಿದು ನೋಡಿ, ಇದಕ್ಕೆ ಇಷ್ಟು ವಯಸ್ಸು ಅಂತ ಹೇಳದೆ ಯಾರಿಗೂ ಕೊಡಲ್ಲ ಅಂದೆ.”

“ಅದಕ್ಕೆ?”

“ಎಷ್ಟು ವರ್ಷದಿಂದ ಅಂತ ಕೇಳಿದ್ರು. ಏಳೆಂಟು ವರ್ಷ ಆಗಿರಬೇಕು ಅಂದೆ. ಟಾರ್ಚು ಬೇಕಿದ್ರೆ ಇಸ್ಕೊಡ್ತೀನಿ ಅಂದ್ರೆ, ಬೇಡ, ಅವಳ ಹತ್ರಾನೇ ಇರ್ಲಿ ಅಂದು ಹೊರಟೇಹೋದ್ರು.”

“ಅವಳ ಹತ್ರ ಅಂದ್ರಾ?”

“ಹೂಂ. ನಾನೂ ಅಂದ್ಕೊಂಡೆ, ಗುರುತು ಪರಿಚಯ ಇಲ್ಲದೆ ಏಕವಚನ ಹಾಕ್ತಾರಲ್ಲ ಅಂತ.”

ಅವಳು ಇಕ್ಕಳ ಕೆಳಗಿಟ್ಟು, ನೀರು ಕುಡಿದು ಬಂದು, ಅವನ ಡ್ರಿಲ್ಲಿನ ಹತ್ತು ಸೆಲ್ಲುಗಳನ್ನೂ ಒಂದೊಂದಾಗಿ ಓದಿ ಬರೆದಳು. ಎರಡನ್ನು ತಪ್ಪಾಗಿ ಬರೆದಳೆಂದು ಯಜಮಾನ ಮಾರನೆಯ ದಿನ ಹೇಳಿದ. ಅದು ಅವಳ ಮೊದಲ ತಪ್ಪು.

ಸಂಜೆ ಅಮ್ಮನಿಗೆ ಹೇಳಿದಳು. ಅಮ್ಮ ಒಂದು ಮಾತನ್ನೂ ಬಿಡದೆ ಎರಡು ಸಲ ಹೇಳಿಸಿದಳು. ಆಮೇಲೆ ಕೇಳಿದಳು, “ತಲೇಲಿ ಕೂದಲು ಇತ್ತಂತಾ?”

“ಏನು?”

“ನಿಮ್ಮಪ್ಪಂಗೆ ನಲವತ್ತು ತುಂಬೋ ಮೊದಲೇ ಬೋಳಾಗಿತ್ತು. ಇವನಿಗೆ ಈಗ ಮೂವತ್ತೆಂಟು. ಕೇಳಿಕೊಂಡು ಬಾರೇ.”

ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಅಂಗಡಿಯಲ್ಲಿ ಹಾಕುವ ಗಂಡಸರ ನೀಲಿ ಕೋಟು ತೊಟ್ಟುಕೊಂಡೇ ಆ ಕಡೆ ಹೋದಳು. ಮೇಸ್ತ್ರಿಯ ತಂಡ ಗಂಟುಮೂಟೆ ಕಟ್ಟಿ ಹೋಗಿತ್ತು. ಗೋಡೆಗಳಿಲ್ಲ, ಲಾರಿಗಳಿಲ್ಲ, ಕೇಳಲು ಒಂದು ನರಪಿಳ್ಳೆ ಇಲ್ಲ. ಕಲ್ಲು, ಇಟ್ಟಿಗೆಯ ಪುಡಿಯ ಒಂದು ಬಯಲು. ಅವಳು ಅದರ ನಡುವೆ ನಿಂತು ಸುತ್ತ ನೋಡಿದಳು. ಆ ಪೆಟ್ಟಿಗೆ ಇದ್ದ ಕೋಣೆ ಸುಮಾರು ಅವಳ ನೆತ್ತಿಯ ಮೇಲೆ, ಗಾಳಿಯಲ್ಲಿ, ಇದ್ದಿರಬೇಕು.

ಎದುರಿಗೆ ಮನೆಯ ಹಿತ್ತಲು ಕಾಣುತ್ತಿತ್ತು. ಅಮ್ಮ ಬಟ್ಟೆಯ ಬುಟ್ಟಿ ಹಿಡಿದು ಬಂದವಳು ಇವಳಿದ್ದ ಕಡೆ ನೋಡಿ ನಿಂತಳು. ಬುಟ್ಟಿಯನ್ನು ಕೆಳಗಿಟ್ಟಳು. ಅಮ್ಮನ ಮೂಗಿನ ಮೇಲೆ ಕನ್ನಡಕ ಇರಲಿಲ್ಲ. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಮೆಲ್ಲಗೆ ಕೈ ಎತ್ತಿದಳು. ಅವಳಿಗೆ ಕೈ ಎತ್ತುವ ಅಭ್ಯಾಸವೇ ಇಲ್ಲ; ಮಗಳು ದಿನಾ ಕೆಲಸಕ್ಕೆ ಹೋಗುವಾಗ ಬಾಗಿಲಿಗೂ ಬರುವವಳಲ್ಲ.

ಮಗಳಿಗೆ ಅರ್ಥವಾಯಿತು. ಓಡಿಹೋಗಿ ‘ನಾನು ಕಣಮ್ಮ’ ಎನ್ನಬೇಕೆನ್ನಿಸಿತು, ಕಾಲು ಬರಲಿಲ್ಲ. ಅವಳೂ ಕೈ ಎತ್ತಿದಳು. ಅಮ್ಮ ಕೈ ಇಳಿಸುವ ತನಕ ಇಳಿಸಲಿಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ.

“ನೀನೇನೂ ಕೇಳಬೇಡ ಬಿಡು ಆ ಮೇಸ್ತ್ರೀನ,” ಎಂದಳು. “ಕೂದಲು ಇದೆ ಕಣೇ. ಪೂರ್ತಿ ಇದೆ.”

“ಹೂಂ ಅಮ್ಮ,” ಎಂದಳು ಅವಳು, ಚಪ್ಪಲಿ ಬಿಡುತ್ತ.